ನೀಲಿ ಪೆಟ್ಟಿಗೆಯ ಕುಂದುಗಳು

ಮಾರ್ಚ್ 3, ಸೋಮವಾರ

ಅಂಗಡಿ ತೆರೆದೆ. ಗುಡಿಸಿದೆ. ನಿನ್ನೆ ಬಂದ ಮಂಚದ ಕಾಲಿಗೆ ಬೆಣೆ ಹೊಡೆದೆ. ನಿಂತಿತು.

ಮನೆ ಖಾಲಿ ಮಾಡುವವರೊಬ್ಬರು ಕರೆಸಿದ್ದರು. ಎರಡು ಕುರ್ಚಿ, ಬರೆಯುವ ಮೇಜು, ಕನ್ನಡಿ ಬೀರು. ಮೇಜು ಚೆನ್ನಾಗಿತ್ತು. ಹಾಗಾಗಿ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿ ಅಲ್ಲಾಡಿಸಿದೆ, ಬೀರುವಿನ ಬಾಗಿಲು ಎರಡು ಸಲ ತೆಗೆದು ಹಾಕಿದೆ, ತುಟಿ ಕೊಂಕಿಸಿದೆ. ಹೊರಡುವಾಗ, ಏನೋ ಈಗ ಕಣ್ಣಿಗೆ ಬಿದ್ದ ಹಾಗೆ — ಆ ಮೇಜೂ ಇರಲಿ ಬಿಡಿ, ಡ್ರಾಯರ್ ಸಿಕ್ಕಿಕೊಳ್ಳುತ್ತೆ, ಆದರೂ ಇರಲಿ ಅಂದೆ. ಬಂತು.

ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ನಾಲಿಗೆಯೂ. ಒಳಗೆ ಮನುಷ್ಯ ಇದ್ದಾನೋ ಇಲ್ಲವೋ, ಅವಕ್ಕೆ ಬೇಕಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಇವಳು ತಟ್ಟೆ ಹಾಕಿ ಎದುರಿಗೆ ಕೂತಳು. ತಾನು ತಿನ್ನಲಿಲ್ಲ. ಮಗಳು ಹೋದಮೇಲೆ, ಜನವರಿಯಿಂದ, ಇವಳಿಗೆ ಮಾತೇ ಬತ್ತಿಹೋಗಿದೆ. ಇವತ್ತು ತಾನಾಗಿ ಬಾಯಿ ಬಿಟ್ಟಳು.

"ಆ ಪೆಟ್ಟಿಗೆ ಎಲ್ಲಿ?"

ಯಾವ ಪೆಟ್ಟಿಗೆ ಅಂತ ಕೇಳಲಿಲ್ಲ. ಗೊತ್ತಿಲ್ಲ ಅಂದೆ. ಕೈ ತೊಳೆದು ಅಂಗಡಿಗೆ ಹೊರಟೆ.


ಮಾರ್ಚ್ 4, ಮಂಗಳವಾರ

ಬಾಮೈದನ ಮನೆಗೆ ಹೋಗಿದ್ದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂತಲೇ ಹೋದದ್ದು. ಆಗಲಿಲ್ಲ. ಬಾಗಿಲು ತೆಗೆದವನು ನನ್ನ ಮುಖ ನೋಡಿಯೇ ಕೈ ಹಿಡಿದುಕೊಂಡ.

ಜನವರಿಯಲ್ಲಿ ನಾನು ಗೋಡೆಗೆ ಒರಗಿ ಕೂತವನು ಏಳಲೇ ಇಲ್ಲ. ಇವಳು ಮಲಗಿದವಳು ಏಳಲಿಲ್ಲ. ಆಸ್ಪತ್ರೆಯ ಓಡಾಟ, ಆಮೇಲಿನ ಓಡಾಟ, ಎಲ್ಲ ಅವನೇ. ಆ ವಾರವೇ ಮಗಳ ಕೋಣೆಯನ್ನೂ ಖಾಲಿ ಮಾಡಿಸಿದ. ಕಣ್ಣ ಮುಂದೆ ಇದ್ದರೆ ಅಕ್ಕ ಉಳಿಯೋದಿಲ್ಲ ಭಾವ, ಅನ್ನಿಸಿತು, ಅಂದ. ಬಟ್ಟೆ ಯಾರಿಗೋ ಕೊಟ್ಟ. ಮಿಕ್ಕದ್ದು ಗುಜರಿ ಗಾಡಿಗೆ. ಅದರಲ್ಲೇ ಅವಳ ಗ್ರಾಮಫೋನೂ ಹೋಯಿತು. ಸೂಟ್‌ಕೇಸಿನ ಹಾಗೆ ಮುಚ್ಚಿ ಕೈಯಲ್ಲಿ ಹಿಡಿದು ಹೋಗಬಹುದಾದದ್ದು. ಕರೆಂಟ್ ಬೇಡ, ಪಕ್ಕದ ಹ್ಯಾಂಡಲ್ ತಿರುಗಿಸಿ ಕೀಲಿ ಕೊಟ್ಟರೆ ಹಾಡುವಂಥದ್ದು. ಹಳೇ ಸೂಟ್‌ಕೇಸ್ ಅಂದುಕೊಂಡೆ ಭಾವ, ತೆಗೆದೂ ನೋಡಲಿಲ್ಲ, ಅಂದ.

ಒಳ್ಳೆಯದಕ್ಕೆ ಮಾಡಿದ್ದು. ಒಳ್ಳೆಯದಕ್ಕೆ ಮಾಡಿದವನನ್ನು ಬೈಯುವುದು ಹೇಗೆ...

ಹಾಡಿನ ಪ್ಲೇಟು ಮಾತ್ರ ಉಳಿದಿದೆ. ಒಂದೇ ಒಂದು ಇದ್ದದ್ದು. ಇವಳು ಅದನ್ನು ತನ್ನ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ. ಹಾಡು ಇದೆ, ಹಾಡುವ ಪೆಟ್ಟಿಗೆ ಇಲ್ಲ.


ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಸಿಕ್ಕಿತು.

ಗುಜರಿಯವನು ಹಳೇ ಕಬ್ಬಿಣದವನಿಗೆ, ಅವನು ಹರಾಜಿಗೆ, ಹರಾಜಿನಿಂದ ಸೇತುವೆ ಆಚೆಯ, ಎದುರಿಗೆ ಗಾಜು ಹಾಕಿದ ಹಳೇ ಸಾಮಾನಿನ ಅಂಗಡಿಗೆ. ಆ ಅಂಗಡಿಯವನನ್ನು ಹರಾಜುಗಳಲ್ಲಿ ದೂರದಿಂದ ನೋಡಿದ್ದೇನೆ. ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಮಗಳು ಅವನಿಗೆ ಜೋಡಿ ಕನ್ನಡಕ ಅಂತ ಹೆಸರಿಟ್ಟಿದ್ದಳು. ಒಂದು ಸಾಮಾನು ನೋಡೋದಕ್ಕೆ, ಇನ್ನೊಂದು ಗಿರಾಕಿಯ ಜೇಬು ನೋಡೋದಕ್ಕೆ, ಅನ್ನೋಳು.

ಗಾಜಿನ ಹಿಂದೆ, ಗಡಿಯಾರಗಳ ನಡುವೆ ಇತ್ತು. ನೀಲಿ. ರಸ್ತೆಯ ಆ ಬದಿಯಿಂದಲೇ ಗೊತ್ತಾಯಿತು. ಯಾವ ಕಂಪನಿಯೂ ಅಂಥ ನೀಲಿ ಬಳಿಯುವುದಿಲ್ಲ. ಅಂಗಡಿಯಲ್ಲಿ ಮಕ್ಕಳ ಮಂಚಕ್ಕೆ ಹಚ್ಚಿ ಮಿಕ್ಕಿದ್ದ ಬಣ್ಣ ಅದು, ಮಗಳು ಬಳಿದದ್ದು.

ಓಡಿಯೇ ರಸ್ತೆ ದಾಟಿದೆ. ಆದರೂ ಒಳಗೆ ಹೋದವನು ಗಡಿಯಾರ ನೋಡಿದೆ. ಗಡಿಯಾರದ ಬೆಲೆ ಕೇಳಿದೆ. ಒಂದು ಹಿತ್ತಾಳೆ ದೀಪ ಎತ್ತಿ ತಳ ನೋಡಿದೆ. ನೀಲಿ ಪೆಟ್ಟಿಗೆಗೆ ಬೆನ್ನು ಹಾಕಿ ನಿಂತೆ. ಮೊದಲನೇ ಸಲ ಬೇಕಾದದ್ದನ್ನು ನೋಡಬಾರದು. ಎರಡನೇ ಸಲ ನೋಡಿ ಕುಂದು ಹೇಳಬೇಕು. ಮೂರನೇ ಸಲ ಕೊಳ್ಳಬೇಕು. ನಮ್ಮ ಕಸುಬಿನಲ್ಲಿ ಇದಕ್ಕೆ ತಪ್ಪಿ ನಡೆದವನು ಉಳಿದದ್ದಿಲ್ಲ.

ಬೆನ್ನಿಗೆ ಬಿಸಿ ತಾಗುತ್ತಿದ್ದ ಹಾಗಿತ್ತು, ಅಷ್ಟು ಹೊತ್ತೂ.


ಮಾರ್ಚ್ 8, ಶನಿವಾರ

ಇವಳಿಗೆ ಹೇಳಿದೆ. ಎದ್ದು ನಿಂತಳು. ಚಪ್ಪಲಿ ಹುಡುಕತೊಡಗಿದಳು, ಈಗಲೇ ಹೋಗೋಣ ಅಂತ.

ತಡೆದೆ. ಹಾಗೆಲ್ಲ ಹೋಗಬಾರದು. ಬೇಕು ಅಂತ ಮುಖದಲ್ಲಿ ಕಂಡರೆ ಮುಗಿಯಿತು, ಕೈಗೆ ಸಿಗದ ಬೆಲೆ ಹೇಳುತ್ತಾನೆ, ಇಲ್ಲ ಬೇರೆ ಯಾರಿಗೋ ಬೇಕು ಅಂತ ಆಟ ಆಡಿಸುತ್ತಾನೆ. ನಾನು ನೋಡಿಕೊಳ್ಳುತ್ತೇನೆ ಅಂದೆ.

"ನಮ್ಮ ಮಗಳದು ಅಂತ ಹೇಳಿಬಿಡಬಾರದಾ?"

ವ್ಯಾಪಾರದಲ್ಲಿ ಅದನ್ನೆಲ್ಲ ಹೇಳಲಾಗುವುದಿಲ್ಲ ಅಂದೆ. ಅದೂ ನಿಜ. ಇನ್ನೊಂದೂ ನಿಜ — ಆ ವಾಕ್ಯ ನನ್ನ ಬಾಯಲ್ಲಿ ಇನ್ನೂ ಬಂದಿಲ್ಲ. ಒಮ್ಮೆಯೂ ಬಂದಿಲ್ಲ. ಕೇಳಿದವರಿಗೆಲ್ಲ ಬಾಮೈದನೇ ಹೇಳಿದ್ದು.

ಇವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಮದುವೆಯ ದಿನ ನನ್ನ ಮುಖ ನೋಡೋ ಬದಲು ನಾನು ಕೂತ ಕುರ್ಚಿಯ ಕಾಲು ನೋಡ್ತಿದ್ರು ನಿಮ್ಮಪ್ಪ, ಅಂತ ಮಗಳಿಗೆ ಹೇಳಿ ನಗಿಸುತ್ತಿದ್ದವಳು ಇವಳು. ಕುರ್ಚಿಯ ಕಾಲು ಅಲ್ಲಾಡುತ್ತಿತ್ತು, ಸುಳ್ಳಲ್ಲ.

ಮಗಳು ಶಾಲೆ ಬಿಟ್ಟಮೇಲೆ ಅಂಗಡಿಯಲ್ಲೇ ಇದ್ದಳು. ಮುರಿದದ್ದು ಏನು ಬಂದರೂ ಅವಳ ಮೂಲೆಗೆ ಹೋಗುತ್ತಿತ್ತು. ಈ ಗ್ರಾಮಫೋನು ಬಂದಾಗ ಅದರಲ್ಲಿ ಗೆದ್ದಲು ಬಿಟ್ಟು ಬೇರೆ ಏನೂ ಇರಲಿಲ್ಲ ಅನ್ನಬಹುದು. ಸರಿ ಮಾಡಿದಳು. ಆಮೇಲೆ ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ, ಅದನ್ನು ಗಲ್ಲಾ ಮೇಜಿನ ಮೇಲೆ ಇಟ್ಟು, ತಾನು ಒಳಗಡೆ ನಿಂತು, ನನ್ನನ್ನು ಹೊರಗೆ ನಿಲ್ಲಿಸಿದಳು. ಅದು ನಮ್ಮಿಬ್ಬರ ಆಟ. ಅವಳು ಯಜಮಾನಿ, ನಾನು ಗಿರಾಕಿ.

"ಕುಂದು ಹೇಳಿ ಸ್ವಾಮಿ," ಅನ್ನೋಳು.

ಅಸಲಿ ಬಣ್ಣ ಹೋಗಿದೆ, ಅನ್ನುತ್ತಿದ್ದೆ. ಕಪ್ಪು ಎಲ್ಲಾ ಅಂಗಡೀಲೂ ಸಿಗುತ್ತೆ ಸ್ವಾಮಿ, ನೀಲಿ ಬೇಕಂದ್ರೆ ಇಲ್ಲಿಗೇ ಬರಬೇಕು, ಅನ್ನೋಳು.

ಹ್ಯಾಂಡಲ್ಲಿನ ಹಿಡಿಗೆ ಹೊಲಿಗೆ ದಾರದ ಮರದ ರೀಲು ಸಿಕ್ಕಿಸಿದ್ದೀರಿ. ನಮ್ಮಮ್ಮನ ರೀಲು ಅದು, ಕೈ ಬೆವರಿದರೂ ಜಾರಲ್ಲ.

ತಿರುಗುವ ತಟ್ಟೆಯ ಮೇಲೆ ಫೆಲ್ಟ್ ಬಟ್ಟೆ ಇರಬೇಕು, ಹಳೇ ಸ್ವೆಟರ್ ಕತ್ತರಿಸಿ ಅಂಟಿಸಿದ್ದೀರಿ. ಹಾಡಿಗೆ ಚಳಿ ಆಗಬಾರದಲ್ಲ.

ಸ್ಪ್ರಿಂಗ್ ಮುರಿದದ್ದು. ಮುರಿದ ತುದಿ ಕತ್ತರಿಸಿ ಬೇರೆ ತೂತು ಹೊಡೆದಿದ್ದೀರಿ. ಗಿಡ್ಡ ಆಗಿದೆ. ಹಾಡು ಮುಗಿಯೋದಕ್ಕೆ ಮೊದಲೇ ಪೆಟ್ಟಿಗೆ ನಿಂತುಹೋಗುತ್ತೆ. ಅದಕ್ಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ಮಿಕ್ಕಿದ್ದು ನಾನು ಹಾಡ್ತೀನಲ್ಲ, ಅದಕ್ಕೇನು ಬೇರೆ ದುಡ್ಡು ಕೇಳಿದ್ನಾ, ಅನ್ನೋಳು.

ಹಾಡುತ್ತಿದ್ದಳು ಕೂಡ. ಪ್ಲೇಟು ನಿಧಾನ ಆಗುತ್ತಾ, ಹಾಡುವವಳ ಗಂಟಲು ಗಂಡಸಿನದಾಗುತ್ತಾ ನಿಂತುಹೋದರೆ, ಅಲ್ಲಿಂದ ಮಗಳು. ಪದ ಗೊತ್ತಿಲ್ಲ, ಬರೀ ರಾಗ. ತನಗೆ ತೋಚಿದ ರಾಗ. ಆ ಹಾಡು ನಿಜವಾಗಿ ಹೇಗೆ ಮುಗಿಯುತ್ತದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಅದನ್ನು ಮಾರಲಿಲ್ಲ. ಮನೆಗೆ ತಂದಳು.


ಮಾರ್ಚ್ 12, ಬುಧವಾರ. ಸಂಜೆ

ಎರಡನೇ ಸಲ ಹೋದೆ. ಇವತ್ತು ನೋಡಬಹುದು.

ಜೋಡಿ ಕನ್ನಡಕ ತಾನೇ ಮುಚ್ಚಳ ತೆರೆದ. ವಾಸನೆ ಬಂತು. ಮೆಷಿನ್ ಎಣ್ಣೆ, ಹಳೇ ಮರ, ಉಣ್ಣೆ. ಎರಡೂ ಕೈ ಜೇಬಿಗೆ ಹಾಕಿದೆ. ಮುಟ್ಟಿದರೆ ಕೈ ವಾಪಸ್ಸು ಬರುತ್ತಿರಲಿಲ್ಲ.

ಬೆಲೆ ಹೇಳಿದ. ನಕ್ಕೆ. ನಗಬೇಕು, ಅದು ಪದ್ಧತಿ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ನಿಮ್ಮ ವಿಷಯ ಕೇಳಿದೀನಿ ಯಜಮಾನ್ರೇ, ಅಂದ. ನಿಮ್ಮ ಕಣ್ಣಿಗೆ ಬಿದ್ದ ಸಾಮಾನಿನಲ್ಲಿ ಕುಂದು ಬಚ್ಚಿಟ್ಟುಕೊಳ್ಳೋಕೆ ಆಗಲ್ಲವಂತೆ. ನಾನು ಗಡಿಯಾರದವನು. ಗ್ರಾಮಫೋನು ನನಗೆ ಹೊಸದು. ನೀವೇ ನೋಡಿ ಬೆಲೆ ಕಟ್ಟಿ.

ಅಲ್ಲಿಂದ ನಾನು ಶುರು ಮಾಡಿದೆ.

ಒಳ್ಳೆಯದನ್ನು ಹೇಳಲಿಲ್ಲ. ಧ್ವನಿ ಬರುವ ಕಡೆಯ ಅಭ್ರಕದ ಬಿಲ್ಲೆ ಸೀಳಿಲ್ಲ, ಮೂಲೆಗಳ ಲೋಹ ಅಸಲಿ, ಮುಚ್ಚಳದ ಒಳಗೆ ಪ್ಲೇಟು ಇಡುವ ತಟ್ಟೆ ಹಾಗೇ ಇದೆ. ಇವೇ ಬೆಲೆ ಏರಿಸುವಂಥವು. ನುಂಗಿಕೊಂಡೆ. ಕುಂದು ಮಾತ್ರ ಹೇಳಿದೆ. ಬಣ್ಣ ನೋಡಿ, ಅಂದೆ. ಅಸಲಿ ಕಪ್ಪಿನ ಮೇಲೆ ಯಾರೋ ಬಳಿದಿದ್ದಾರೆ. ಇಂಥದ್ದನ್ನು ಕೂಡಿಡುವವರು ಇದನ್ನು ಮೂಸಿಯೂ ನೋಡಲ್ಲ.

ನೀಲಿ ಬೇಕಂದ್ರೆ ಇಲ್ಲಿಗೇ ಬರಬೇಕು.

ಕಿವಿಯಲ್ಲೇ ಕೇಳಿತು. ತಿರುಗಿ ನೋಡುವಷ್ಟು ಹತ್ತಿರ. ಆಮೇಲೆ ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ರೀಲು ತೋರಿಸಿದೆ. ಕೇಳಿತು. ಸ್ವೆಟರ್ ತೋರಿಸಿದೆ. ಕೇಳಿತು. ಚೌಕಾಸಿಗೆ ಎರಡು ಕುಂದು ಸಾಕು, ಮೂರಾದರೆ ಹೆಚ್ಚು. ನಾನು ಬಿಡಲಿಲ್ಲ. ಕೀಲು ಒಂದಕ್ಕೆ ಬೇರೆ ಸ್ಕ್ರೂ ಹಾಕಿರುವುದು, ಒಳಗೆ ಅಂಟು ಉಕ್ಕಿ ಗಟ್ಟಿಯಾಗಿರುವುದು, ಎಲ್ಲ. ಒಂದೊಂದು ಕುಂದಿಗೂ ಅವಳು ಒಂದೊಂದು ಮಾತು ಆಡುತ್ತಿದ್ದಳು. ಸ್ಪ್ರಿಂಗನ್ನು ಕೊನೆಗೆ ಉಳಿಸಿಕೊಂಡಿದ್ದೆ.

"ಪೂರ್ತಿ ಹಾಡಲ್ಲ ಇದು," ಅಂದೆ.

ಜೋಡಿ ಕನ್ನಡಕ ಬೆರಳು ಮಡಿಸುತ್ತಾ ಕೇಳುತ್ತಿದ್ದ, ಶಾಲೆಯ ಹುಡುಗನ ಹಾಗೆ. ಯಾವನೋ ಕೈ ತಿರುಗದವನು ಆಟ ಆಡಿದಾನೆ, ಅಂದ.

ಹೂಂ, ಅಂದೆ.

ಅವನು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದೆ. ಯೋಚಿಸ್ತೀನಿ ಅಂದ. ಬಾಗಿಲ ತನಕ ನಿಧಾನವಾಗಿ ನಡೆದೆ. ಹಿಂದಿನಿಂದ ಕರೆಯಲಿಲ್ಲ. ಪರವಾಗಿಲ್ಲ. ಎರಡನೇ ಸಲ ಕರೆದರೆ ಅದು ವ್ಯಾಪಾರವೇ ಅಲ್ಲ.


ಮಾರ್ಚ್ 13, ಗುರುವಾರ

ರಾತ್ರಿ ನಿದ್ದೆ ಬಂದಿತ್ತು. ಎಷ್ಟೋ ದಿನದ ಮೇಲೆ.

ಇವಳೂ ಎರಡು ತುತ್ತು ಹೆಚ್ಚು ತಿಂದಳು. ಪ್ಲೇಟನ್ನು ಸೀರೆಗಳ ನಡುವಿನಿಂದ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಮೇಜಿನ ಮೇಲೆ ಇಟ್ಟಿದ್ದಾಳೆ. ಪಕ್ಕದಲ್ಲಿ ಪೆಟ್ಟಿಗೆಯಷ್ಟು ಜಾಗ ಬಿಟ್ಟು.

ಯಾವಾಗ ಹೋಗ್ತೀರಿ ಅಂತ ಕೇಳಿದಳು. ಸ್ವಲ್ಪ ಮಾಗಲಿ ಅಂದೆ. ಬೇಗ ಹೋದರೆ ಅವನಿಗೆ ನನ್ನ ಆಸೆ ಕಂಡುಬಿಡುತ್ತದೆ.


ಮಾರ್ಚ್ 21, ಶುಕ್ರವಾರ

ಸೇತುವೆ ಆಚೆ ಒಂದು ಸೋಫಾ ತಲುಪಿಸುವುದಿತ್ತು. ಗಾಜಿನ ಅಂಗಡಿಯ ಮುಂದೆ ಹಾದುಹೋದೆ. ಗಡಿಯಾರಗಳಿವೆ. ನೀಲಿ ಇಲ್ಲ.

ನಿಯಮ ಮರೆತು ಒಳಗೆ ನುಗ್ಗಿದೆ. ಮಾರಿದಿರಾ ಅಂದೆ. ಜೋಡಿ ಕನ್ನಡಕ ನಕ್ಕು, ಗಾಬರಿ ಬೇಡ ಯಜಮಾನ್ರೇ, ನಿಮಗೇ ಅಂತ ಎತ್ತಿಟ್ಟಿದೀನಿ, ಮುಂದಿನ ವಾರ ಬನ್ನಿ, ಅಂದ.

ಆಸೆ ಕಂಡುಹೋಯಿತು. ಈಗ ಬೆಲೆ ಇಳಿಯುವುದಿಲ್ಲ. ಹೋಗಲಿ. ತೇಗದ ಬೀರು ಇದೆ, ಅದನ್ನು ಬದಲಿಗೆ ಕೊಟ್ಟರಾಯಿತು.

ಇವಳಿಗೆ ಮುಂದಿನ ವಾರ ಅಂದೆ. ತಲೆ ಆಡಿಸಿದಳು. ಮೇಜು ಒರೆಸಿದಳು.


ಮಾರ್ಚ್ 29, ಶನಿವಾರ

ಬರೆಯಬೇಕು ಅಂತ ಕೂತು ತುಂಬಾ ಹೊತ್ತಾಯಿತು.

ಬೆಳಿಗ್ಗೆ ಹೋದೆ. ಜೋಡಿ ಕನ್ನಡಕ ಕೂರಿಸಿದ. ನೀರು ಕೊಟ್ಟ. ಒಳಗಿನಿಂದ ಬಟ್ಟೆ ಮುಚ್ಚಿದ ಒಂದು ಪೆಟ್ಟಿಗೆ ತಂದು ಎದುರಿಗೆ ಇಟ್ಟು, ಬಟ್ಟೆ ಎಳೆದ.

ಕಪ್ಪು ಪೆಟ್ಟಿಗೆ. ಹೊಳೆಯುತ್ತಿತ್ತು. ಬೇರೆ ಯಾವುದೋ ತೋರಿಸುತ್ತಿದ್ದಾನೆ ಅಂದುಕೊಂಡೆ. ನಮ್ಮದು ಎಲ್ಲಿ ಅಂತ ಕೇಳುವುದಕ್ಕೆ ಬಾಯಿ ತೆರೆದೆ. ಆಗ ಎಡಗಡೆಯ ಮೂಲೆಯ ತಗಡು ಕಾಣಿಸಿತು. ಅದರಲ್ಲೊಂದು ತಗ್ಗು. ಮನೆಗೆ ತಂದ ದಿನ ಮೆಟ್ಟಿಲಿಗೆ ತಾಗಿ ಆದದ್ದು. ಅದನ್ನೊಂದು ನಾನು ಹೇಳಿರಲಿಲ್ಲ.

ನೀವು ಹೇಳಿದ ಕುಂದು ಒಂದೂ ಬಿಟ್ಟಿಲ್ಲ, ಅಂದ. ಹೆಮ್ಮೆಯಿಂದಲೇ ಹೇಳಿದ. ಅವನ ಮಿಸ್ತ್ರಿ ಥಿನ್ನರ್ ಹಚ್ಚಿ ಹಚ್ಚಿ ವಾರವಿಡೀ ಉಜ್ಜಿ ನೀಲಿ ತೆಗೆದನಂತೆ, ಕೆಳಗಿನ ಕಪ್ಪಿಗೆ ಏಟು ಬೀಳದ ಹಾಗೆ. ಅದೇ ಕಂಪನಿಯ ಇನ್ನೊಂದು ಕೆಟ್ಟ ಪೆಟ್ಟಿಗೆ ಹುಡುಕಿ ಅದರ ಹ್ಯಾಂಡಲ್, ಅದರ ಸ್ಪ್ರಿಂಗ್ ಇದಕ್ಕೆ ಹಾಕಿದರಂತೆ. ತಟ್ಟೆಗೆ ಹಸಿರು ಫೆಲ್ಟ್. ಈಗ ಎಲ್ಲಾ ಅಸಲಿ. ಈಗ ಇದರ ಬೆಲೆ ಮೂರು ಪಟ್ಟು. ಆದರೆ ದಾರಿ ತೋರಿಸಿದವರು ನೀವು, ನಿಮಗೆ ಎರಡು ಪಟ್ಟಿಗೆ ಕೊಡ್ತೀನಿ. ಪೂರ್ತಿ ಹಾಡುತ್ತೆ ಈಗ, ಅಂದ.

ತೆಗೆದದ್ದೆಲ್ಲ ಎಲ್ಲಿ ಅಂತ ಕೇಳಿದೆ.

ಯಾವುದು?

ರೀಲು. ಸ್ವೆಟರ್. ಅಷ್ಟೇ ಅಂದೆ. ಆ ಕಸ ಯಾಕೆ ಯಜಮಾನ್ರೇ, ಅಂದ.

"ಅದು ನನ್ನ ಮಗಳು ಮಾಡಿದ್ದು," ಅಂದೆ. "ಅವಳು ತೀರಿಹೋದಳು. ಜನವರಿಯಲ್ಲಿ."

ಹಾಗೆ ಬಂತು ಆ ವಾಕ್ಯ. ಗಡಿಯಾರಗಳ ನಡುವೆ. ಹೇಳಬೇಕಾದ ಹೊತ್ತು ಮೀರಿದ ಮೇಲೆ.

ಅವನು ಹಣೆಯ ಕನ್ನಡಕವನ್ನೂ ಮೂಗಿನದನ್ನೂ ತೆಗೆದು ಕೆಳಗಿಟ್ಟ. ಬರೀ ಕಣ್ಣಿನ ಅವನ ಮುಖ ಬೇರೆ ಯಾರದೋ ಥರ ಇತ್ತು.

"ಮೊದಲೇ ಹೇಳಬಾರದಿತ್ತಾ? ಹಾಗೇ ಕೊಟ್ಟುಬಿಡ್ತಿದ್ದೆ."

ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಮಿಸ್ತ್ರಿಯ ಶೆಡ್ಡಿಗೆ ಬಂದ. ಗಿರಾಕಿಗಳಿಬ್ಬರು ಬಾಗಿಲಲ್ಲಿ ನಿಂತಿದ್ದರು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶೆಡ್ಡಿನಲ್ಲಿ ಮಿಸ್ತ್ರಿ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದ. ಏನು ಹುಡುಕ್ತಿದೀರಿ ಅಂತ ಅವನಿಗೆ ಅರ್ಥವೇ ಆಗಲಿಲ್ಲ ಮೊದಲು. ರೀಲನ್ನು ಅಂಟು ಕಾಯಿಸುವ ಒಲೆಗೆ ಹಾಕಿದ್ದನಂತೆ. ಒಣ ಮರ, ಚೆನ್ನಾಗಿ ಉರೀತು, ಅಂದ. ಅವನೇನು ಕೆಟ್ಟವನಲ್ಲ, ಕೇಳಿದ್ದಕ್ಕೆ ಹೇಳಿದ. ಹಳೇ ಸ್ಪ್ರಿಂಗ್ ಗುಜರಿಗೆ ತೂಕಕ್ಕೆ ಹೋಗಿತ್ತು. ನೀಲಿ ಬಣ್ಣ ಒರೆಸಿದ ಚಿಂದಿಗಳು ಕಸದ ಗಾಡಿಗೆ.

ಜೋಡಿ ಕನ್ನಡಕ ಒಳ್ಳೆಯ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿ ಬೆಂಚಿನ ಕೆಳಗೆ ಕೈ ಹಾಕಿ ಹುಡುಕಿದ. ನಾನೂ ಹುಡುಕಿದೆ. ಇಬ್ಬರು ಹಳೇ ಸಾಮಾನಿನವರು, ಮರದ ಹೊಟ್ಟಿನಲ್ಲಿ ಮಂಡಿಯೂರಿ. ಮಗಳು ನೋಡಿದ್ದರೆ ನಗುತ್ತಿದ್ದಳು.

ಸ್ವೆಟರಿನ ಬಿಲ್ಲೆ ಸಿಕ್ಕಿತು. ಗೋಡೆಯ ಮೊಳೆಗೆ ನೇತುಹಾಕಿತ್ತು. ಮಿಸ್ತ್ರಿ ಅದರಲ್ಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದ. ಅದರ ಮರೂನು ಬಣ್ಣ ಕಪ್ಪಾಗಿದೆ. ಮಡಚಿ ಜೇಬಿಗೆ ಹಾಕಿಕೊಂಡೆ.

ಪೆಟ್ಟಿಗೆಗೆ ಅವನು ದುಡ್ಡು ಬೇಡ ಅಂದ. ಬಿಟ್ಟಿ ತರಲಾರೆ. ತೇಗದ ಬೀರು ಕಳಿಸುತ್ತೇನೆ ಅಂದೆ. ಚೌಕಾಸಿ ಮಾಡಲಿಲ್ಲ, ಅವನೂ, ನಾನೂ.


ಮಾರ್ಚ್ 30, ಭಾನುವಾರ

ನಿನ್ನೆಯದೇ ಇನ್ನೂ ಮಿಕ್ಕಿದೆ.

ಪೆಟ್ಟಿಗೆಯನ್ನು ಮೇಜಿನ ಮೇಲೆ, ಇವಳು ಬಿಟ್ಟಿದ್ದ ಜಾಗದಲ್ಲಿ ಇಟ್ಟೆ. ಇವಳು ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಪೆಟ್ಟಿಗೆ. ಇದಲ್ಲ ಅಂದಳು. ಇದೇ ಅಂದೆ. ಮೂಲೆಯ ತಗ್ಗು ತೋರಿಸಿದೆ. ಬೆರಳು ಇಟ್ಟು ನೋಡಿದಳು. ಆ ಬೆರಳನ್ನು ಅಲ್ಲಿಂದ ಹ್ಯಾಂಡಲ್ಲಿಗೆ ತಂದಳು. ನುಣ್ಣಗಿನ ಕಪ್ಪು ಹಿಡಿ. ಕೈ ಹಿಂದಕ್ಕೆ ತೆಗೆದುಕೊಂಡಳು, ಬಿಸಿ ತಾಗಿದ ಹಾಗೆ.

ಆದರೂ ಪ್ಲೇಟು ಇಟ್ಟಳು. ಕೀಲಿ ಕೊಟ್ಟಳು. ಹೊಸ ಪಿನ್ನು ಸಿಕ್ಕಿಸಿದಳು. ಮಗಳು ಮಾಡುತ್ತಿದ್ದುದನ್ನು ನೋಡಿ ನೋಡಿ ಕಲಿತದ್ದು.

ಹಾಡಿತು. ಚೆನ್ನಾಗಿಯೇ ಹಾಡಿತು. ನಾವಿಬ್ಬರೂ ಕಾಯುತ್ತಿದ್ದೆವು, ನಿಧಾನ ಆಗುವ ಜಾಗಕ್ಕೆ. ಆ ಜಾಗ ಬಂತು. ಇವಳು ಸೆರಗು ಬಾಯಿಗೆ ಒತ್ತಿಕೊಂಡಳು. ಪೆಟ್ಟಿಗೆ ನಿಲ್ಲಲಿಲ್ಲ. ಅದೇ ವೇಗ, ಅದೇ ಗಂಟಲು. ನಾವು ಯಾವತ್ತೂ ಕೇಳದ ಪದಗಳು, ಒಂದರ ಹಿಂದೆ ಒಂದು. ಮಗಳು ಹಾಡುತ್ತಿದ್ದ ರಾಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

"ಇಷ್ಟುದ್ದ ಇತ್ತಾ ಇದು?" ಅಂದಳು.

ಹಾಡು ಮುಗಿದು ಪಿನ್ನು ಕೊನೆಯ ಸುತ್ತಿನಲ್ಲೇ ಕೆರೆಯುತ್ತಿತ್ತು. ಎತ್ತುವುದಕ್ಕೆ ಇಬ್ಬರೂ ಏಳಲಿಲ್ಲ. ತಾನೇ ಸೋತು ನಿಂತಿತು.

ಯಾರು ತೆಗೆಸಿದ್ದು ಇದನ್ನೆಲ್ಲ ಅಂತ ಕೇಳಿದಳು.

"ನಾನೇ," ಅಂದೆ. ಕುಂದು ಹೇಳಿದ್ದು, ಅವನು ಬೆರಳು ಮಡಿಸಿದ್ದು, ನಾನು ಹೂಂ ಅಂದದ್ದು, ಎಲ್ಲ ಹೇಳಿದೆ. ಯಾಕೆ ಅಷ್ಟು ಹೇಳಿದೆ ಅನ್ನುವುದನ್ನು ಮಾತ್ರ ಹೇಳಲಾಗಲಿಲ್ಲ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಒಣಗಿದ ಬಟ್ಟೆ ಮಡಚುತ್ತಾ ಕೂತಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.


ಏಪ್ರಿಲ್ 2, ಬುಧವಾರ

ಬೀರು ಕಳಿಸಿದೆ. ಅಂಗಡಿಯಲ್ಲಿ ಅದು ಇದ್ದ ಕಡೆ ಗೋಡೆ ಬಿಳಿಯಾಗಿ ಕಾಣುತ್ತದೆ.

ಒಬ್ಬ ಗಿರಾಕಿ, ಹೋದ ತಿಂಗಳು ನಾನು ತಂದ ಬರೆಯುವ ಮೇಜು ನೋಡಿ, ಇದರ ಕುಂದು ಏನು, ನಿಜ ಹೇಳಿ, ಅಂದ. ಗೊತ್ತಿಲ್ಲ ಅಂದೆ. ನೋಡಿ ಅಂದ. ನೋಡುವುದಕ್ಕೆ ಆಗಲಿಲ್ಲ. ಹೊರಟುಹೋದ.


ಏಪ್ರಿಲ್ 11, ಶುಕ್ರವಾರ

ಈಗ ಇವಳು ತಟ್ಟೆ ಹಾಕಿ ಒಳಗೆ ಹೋಗಿಬಿಡುತ್ತಾಳೆ.

ಬಾಮೈದ ಬಂದಿದ್ದ. ಪೆಟ್ಟಿಗೆ ನೋಡಿ, ಪರವಾಗಿಲ್ವೇ ಭಾವ, ಹೊಸದರ ಥರ ಆಗಿದೆ, ಅಂದ. ಇವಳು ಎದ್ದು ಹೋದಳು. ಅವನು ನನ್ನ ಕಡೆ ನೋಡಿದ. ಪಾಪ, ಒಳ್ಳೆಯದೇ ಹೇಳಿದ್ದು.

ಮುಚ್ಚಳ ಮುಚ್ಚಿದೆ. ಕಪ್ಪು ಪೆಟ್ಟಿಗೆಯಲ್ಲಿ ನನ್ನ ಮುಖ ಕಾಣುತ್ತದೆ. ನೀಲಿಯಲ್ಲಿ ಏನೂ ಕಾಣುತ್ತಿರಲಿಲ್ಲ.


ಏಪ್ರಿಲ್ 20, ಭಾನುವಾರ. ಬೆಳಿಗ್ಗೆ

ಎದ್ದು ಬಂದರೆ ಇವಳು ಮೇಜಿನ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಅಡಿಗೆಮನೆ ಚಾಕು. ಪೆಟ್ಟಿಗೆ ತೆರೆದಿದೆ. ತಟ್ಟೆಯ ಹಸಿರು ಫೆಲ್ಟನ್ನು ಕೆತ್ತಿ ಕೆತ್ತಿ ತೆಗೆದಿದ್ದಾಳೆ, ತುಂಡು ತುಂಡು ನೆಲದ ಮೇಲೆ. ಆ ಜಾಗದಲ್ಲಿ ಸ್ವೆಟರಿನ ಬಿಲ್ಲೆ. ಅವತ್ತೇ ಒಗೆಯುವ ಶರ್ಟಿನ ಜೇಬಿನಲ್ಲಿ ಸಿಕ್ಕಿತ್ತಂತೆ. ಮೂರು ಸಲ ಸೋಪು ಹಾಕಿದ್ದಾಳೆ. ಎಣ್ಣೆ ಹೋಗಿಲ್ಲ. ಒಗೆದದ್ದಕ್ಕೆ ಕುಗ್ಗಿ, ತಟ್ಟೆಯ ಅಂಚಿಗೆ ಮುಟ್ಟುತ್ತಿಲ್ಲ.

ಚಾಕು ಕೆಳಗಿಟ್ಟಳು. ಮೇಜಿನ ಆ ಕಡೆ ಹೋಗಿ ನಿಂತಳು. ನನ್ನನ್ನು ಈ ಕಡೆ ನಿಲ್ಲಿಸಿದಳು.

"ಕುಂದು ಹೇಳಿ," ಅಂದಳು.

ಈ ಆಟ ಇವಳಿಗೆ ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಮಗಳು ಹೇಳಿರಬೇಕು.

ಬಟ್ಟೆ ಕುಗ್ಗಿದೆ ಅಂದೆ. ಎಣ್ಣೆ ಕಲೆ ಇದೆ ಅಂದೆ. ಹೂಂ, ಅಂದಳು, ಮುಂದೆ. ಬಣ್ಣ ಕಪ್ಪು ಅಂದೆ. ಹ್ಯಾಂಡಲ್ಲಿಗೆ ರೀಲು ಇಲ್ಲ ಅಂದೆ. ಒಂದೊಂದಕ್ಕೂ, ಇದಕ್ಕೆ ಅವಳು ಏನನ್ನೋಳು ಅಂತ ಕೇಳಿದಳು. ಹೇಳಿದೆ. ಚಳಿಯ ಮಾತಿಗೆ ಇವಳ ತುಟಿ ಸ್ವಲ್ಪ ಅಲುಗಿತು. ರೀಲಿನ ಮಾತಿಗೆ, ನನ್ನ ರೀಲು ಕದ್ದು ಎಷ್ಟು ಜಂಬ ನೋಡಿ, ಅಂದಳು.

ಇನ್ನೊಂದು ಇದೆ ಅಂದೆ.

ಹೇಳಿ.

"ಪೂರ್ತಿ ಹಾಡುತ್ತೆ."

ಇವಳು ಮೇಜಿನ ಅಂಚು ಹಿಡಿದುಕೊಂಡಳು. ಮೊದಲು ಪೂರ್ತಿ ಹಾಡುತ್ತಿರಲಿಲ್ಲವಲ್ಲ, ಆಗ ನೀವು ಕುಂದು ಹೇಳಿದರೆ ಅವಳು ಏನನ್ನೋಳು, ಅಂತ ಕೇಳಿದಳು.

ಸೊಂಟದ ಮೇಲೆ ಕೈ ಇಟ್ಟುಕೊಳ್ಳೋಳು, ಅಂದೆ. ಇಟ್ಟುಕೊಂಡು ಅನ್ನೋಳು — ಮಿಕ್ಕಿದ್ದು ನಾನು...